ಅಲಂಕಾರ್ಯವಿಲ್ಲದ ಅಲಂಕಾರ: ಹೊಲಾರನ ಉಡುಪಿನ ಚಿತ್ರಗಳು

ಸ್ವಭಾವೋಕ್ತಿಯನ್ನು ದಂಡಿಯು ಅಲಂಕಾರಗಳಲ್ಲಿ ಮೊದಲನೆಯದೆಂದು ಎಣಿಸಿದ. ಕುಂತಕನಿಗೆ ಇದು ಒಪ್ಪಿಗೆಯಾಗಲಿಲ್ಲ. ವಸ್ತುವಿನ ಸ್ವಭಾವವನ್ನೇ ಅಲಂಕಾರವೆಂದು ಕರೆದ ಮೇಲೆ, ಆ ಅಲಂಕಾರವನ್ನು ತೊಡಿಸಲು ಇನ್ನೇನು ಉಳಿಯಿತು ಎಂಬುದು ಅವನ ತಕರಾರು. ಈ ಚರ್ಚೆಯನ್ನು ವರ್ಷಕ್ಕೊಮ್ಮೆ ತರಗತಿಯಲ್ಲಿ ನಾನು ವಿವರಿಸುವುದುಂಟು. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳು ಆಕಳಿಸುವುದೂ ಉಂಟು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕುಂತಕನ ಪ್ರಶ್ನೆ ನನಗೂ ಬಹುಕಾಲ ಬರಿಯ ತರ್ಕವಾಗಿಯೇ ಇತ್ತು. ಅದು ಕಣ್ಣಿಗೆ ಕಟ್ಟಿದ್ದು ಇತ್ತೀಚೆಗೆ, ಹದಿನೇಳನೆಯ ಶತಮಾನದ ಒಂದು ಸಣ್ಣ ಚಿತ್ರದ ಮುಂದೆ.

ಚಿತ್ರದಲ್ಲಿ ಮನುಷ್ಯರಿಲ್ಲ. ಚಳಿಗಾಲದಲ್ಲಿ ಐರೋಪ್ಯ ಸ್ತ್ರೀಯರು ಎರಡು ಕೈಗಳನ್ನೂ ಒಳಗಿಟ್ಟುಕೊಳ್ಳುತ್ತಿದ್ದ ತುಪ್ಪಳದ ಕೊಳವೆ, ಮಫ್ ಎಂದು ಅದಕ್ಕೆ ಹೆಸರು, ಅಂಥವು ಕೆಲವು ಒಂದರ ಪಕ್ಕದಲ್ಲೊಂದು ಬಿದ್ದಿವೆ. ಜೊತೆಗೆ ಕೈಗವಸು, ಲೇಸಿನ ಅಂಚಿನ ವಸ್ತ್ರ, ಬೀಸಣಿಗೆ, ಒಂದು ಮುಖವಾಡ. ತೊಟ್ಟವಳು ಈಗತಾನೆ ಬಂದು, ಎಲ್ಲವನ್ನೂ ಮೇಜಿನ ಮೇಲೆ ಹಾಕಿ ಒಳಗೆ ಹೋದಂತಿದೆ. ತುಪ್ಪಳದ ಒಂದೊಂದು ಕೂದಲೂ ಎದ್ದಿದೆ. ಬೆರಳಿಟ್ಟರೆ ಬೆಚ್ಚಗಾದೀತೆಂಬ ಭ್ರಮೆ ಹುಟ್ಟುತ್ತದೆ. ಇದ್ದದ್ದೆಲ್ಲ ಅಲಂಕಾರವೇ, ಅಲಂಕಾರ್ಯ ಮಾತ್ರ ಇಲ್ಲ. ಕುಂತಕನು ನೋಡಿದ್ದರೆ ಏನೆನ್ನುತ್ತಿದ್ದನೋ!

ಚಿತ್ರದ ಕಾಲ ೧೬೪೭, ಸ್ಥಳ ಆಂಟ್‌ವರ್ಪ್. ಬರೆದವನು ವಾಟ್ಸ್ಲಾವ್ ಹೊಲಾರ್. ಇಂಗ್ಲಿಷರ ಬಾಯಲ್ಲಿ ವೆನ್ಸೆಸ್ಲಾಸ್. ಪ್ರಾಗ್ ನಗರದಲ್ಲಿ ೧೬೦೭ರಲ್ಲಿ ಹುಟ್ಟಿದವನು, ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿದ್ದಾಗ ೧೬೨೭ರಲ್ಲಿ ಊರು ಬಿಟ್ಟು, ಸ್ಟುಟ್‌ಗಾರ್ಟ್, ಸ್ಟ್ರಾಸ್‌ಬರ್ಗ್, ಫ್ರಾಂಕ್‌ಫರ್ಟ್, ಕಲೋನ್ ಎಂದು ಅಲೆದ. ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಹೊರಟಿದ್ದ ಅರುಂಡೆಲ್ಲಿನ ಅರ್ಲ್ ಥಾಮಸ್ ಹೊವರ್ಡನಿಗೆ ೧೬೩೬ರಲ್ಲಿ ಕಲೋನಿನಲ್ಲಿ ಈ ಯುವಕ ಕಣ್ಣಿಗೆ ಬಿದ್ದ. ಆ ವರ್ಷದ ಕೊನೆಗೆ ಅರ್ಲನ ಪರಿವಾರದೊಡನೆ ಲಂಡನ್ನಿಗೆ ಬಂದು, ಥೇಮ್ಸ್ ದಂಡೆಯ ಅರುಂಡೆಲ್ ಭವನದಲ್ಲಿ ನೆಲೆನಿಂತ. ಯಜಮಾನನ ಸಂಗ್ರಹದಲ್ಲಿದ್ದ ಹೋಲ್ಬೈನ್, ಲಿಯೊನಾರ್ಡೊ ಮುಂತಾದವರ ಚಿತ್ರಗಳನ್ನು ತಾಮ್ರದ ತಗಡಿಗಿಳಿಸುವುದು ಅವನ ಉದ್ಯೋಗ. ಮನೆಯೊಡತಿಯ ಸಖಿಯೊಬ್ಬಳನ್ನೇ ಅವನು ಮದುವೆಯಾದನೆಂದು, ಅವನನ್ನು ಬಲ್ಲ ಜಾನ್ ಆಬ್ರಿ ಬರೆದಿಟ್ಟಿದ್ದಾನೆ.

ಸಂಗ್ರಹದ ಕೆಲಸದಾಚೆಗೆ ಹೊಲಾರ್ ಕೈಗೆತ್ತಿಕೊಂಡದ್ದು ಇಂಗ್ಲಿಷ್ ಹೆಂಗಸರ ಉಡುಪು. ೧೬೪೦ರಲ್ಲಿ ಇಪ್ಪತ್ತಾರು ಫಲಕಗಳ ಒಂದು ಮಾಲೆ ಹೊರಬಂತು; ಶ್ರೀಮಂತ ಮನೆತನದವಳಿಂದ ಹಳ್ಳಿಯವಳವರೆಗೆ ಇಂಗ್ಲಿಷ್ ಸ್ತ್ರೀಯರು ಈಗ ಉಡುವ ರೀತಿ ಇದು ಎಂಬರ್ಥದ ಶೀರ್ಷಿಕೆ ಅದಕ್ಕೆ. ಒಂದೊಂದು ಫಲಕವೂ ಗೇಣಿಗಿಂತ ಚಿಕ್ಕದು. ಒಬ್ಬಳೇ ಹೆಂಗಸು, ಬರಿಯ ನೆಲ, ಕಾಲ ಬಳಿ ಒಂದಿಷ್ಟು ನೆರಳು, ಅಷ್ಟೆ. ಕೆಲವರು ನಮಗೆ ಬೆನ್ನು ತಿರುಗಿಸಿಯೇ ನಿಂತಿದ್ದಾರೆ. ಮುಂದೆ ೧೬೪೩ರಲ್ಲಿ ಯೂರೋಪಿನ ನಾನಾ ದೇಶಗಳ ಸ್ತ್ರೀಯರನ್ನು ಅವರವರ ಉಡುಪಿನಲ್ಲಿ ತೋರಿಸುವ ಇನ್ನೊಂದು ಮಾಲೆ ಬಂತು. ಲಂಡನ್ನಿನ ಮೇಯರನ ಹೆಂಡತಿ, ವರ್ತಕನ ಹೆಂಡತಿ ಇಬ್ಬರೂ ಅದರಲ್ಲಿದ್ದಾರೆ.

ತಗಡಿಗೆ ಮೇಣದ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿದರೆ ಗೀರಿದ ಕಡೆ ಮಾತ್ರ ತಾಮ್ರ ಕರಗುತ್ತದೆ. ಆ ಗೆರೆಗಳಲ್ಲಿ ಮಸಿ ತುಂಬಿ ಕಾಗದ ಒತ್ತಬೇಕು. ಬಣ್ಣವಿಲ್ಲ. ರೇಷ್ಮೆ, ನಾರುಬಟ್ಟೆ, ತುಪ್ಪಳ ಎಲ್ಲಕ್ಕೂ ಇರುವುದು ಒಂದೇ ಕಪ್ಪು ಗೆರೆ. ಅದರಲ್ಲೇ ಅವನು ರೇಷ್ಮೆಯ ಮಿರುಗನ್ನೂ ನಾರುಬಟ್ಟೆಯ ಗಂಜಿಯನ್ನೂ ಬೇರೆ ಬೇರೆಯಾಗಿ ತೋರಿಸಿದ್ದಾನೆ. ಅವನ ದೃಷ್ಟಿ ಮಂದವಾಗಿತ್ತೆಂದು ಆಬ್ರಿಯೇ ಹೇಳುತ್ತಾನೆ. ದೂರದ್ದು ಕಾಣದವನು ಹತ್ತಿರದ್ದನ್ನು ಹೀಗೆ ಕಂಡನೇ ಎಂದು ಕೇಳಬೇಡಿ. ಹತ್ತಿರ ಹೋಗದೆ ಕಾಣದವನೇ ಹತ್ತಿರ ಹೋಗುತ್ತಾನೆ.

ಹೊಲಾರನ ಮೇಲೆ ಹಳೆಯ ಆಕ್ಷೇಪಣೆಯೊಂದಿದೆ. ಅವನು ಕಂಡದ್ದನ್ನು ಬರೆದುಕೊಂಡ ಗುಮಾಸ್ತ, ಕಲ್ಪನೆಯುಳ್ಳ ಕಲಾವಿದನಲ್ಲ ಎಂಬುದು ಅದರ ಸಾರಾಂಶ. ೨,೭೦೦ರಷ್ಟು ಫಲಕಗಳನ್ನು ಮಾಡಿದವನ ಮೇಲೆ ಈ ಮಾತು ಬಾರದಿದ್ದರೆ ಆಶ್ಚರ್ಯ. ನಾನೂ ಮೊದಲು ಇದನ್ನು ಒಪ್ಪಿದ್ದೆ. ಈಗಲೂ ಅರ್ಧ ಒಪ್ಪುತ್ತೇನೆ. ಅವನ ಹೆಂಗಸರ ಮೈಯಲ್ಲಿ ಭಾರವಿಲ್ಲ. ಉಡುಪಿನ ಒಳಗೆ ಗೂಟವಿದ್ದಂತೆ ನಿಂತಿದ್ದಾರೆ. ಮುಖಗಳಂತೂ ಒಂದೇ ಅಚ್ಚಿನವು. ಇಪ್ಪತ್ತಾರು ಜನರಲ್ಲಿ ಒಬ್ಬಳಿಗಾದರೂ ತಲೆನೋವು ಇರಬಾರದೇ ಎನಿಸುತ್ತದೆ. ಶೀರ್ಷಿಕೆಯ ಮಾತನ್ನೂ ಅವನು ಪೂರ್ತಿ ನಡೆಸಲಿಲ್ಲ. ಶ್ರೀಮಂತೆಗೆ ಕೊಟ್ಟ ಕಣ್ಣನ್ನು ಹಳ್ಳಿಯವಳಿಗೆ ಕೊಟ್ಟಿಲ್ಲ. ಅರುಂಡೆಲ್ ಭವನದ ಕಿಟಕಿಯಿಂದ ಹಳ್ಳಿ ದೂರ. ಕಾರಣ ಅದೇ ಇರಬಹುದು. ಕಾರಣ ಗೊತ್ತಾದ ಮಾತ್ರಕ್ಕೆ ಕೊರತೆ ತುಂಬುವುದಿಲ್ಲ.

ಆದರೆ ಉಳಿದರ್ಧಕ್ಕೆ ನನ್ನ ಒಪ್ಪಿಗೆಯಿಲ್ಲ. ಹೊಸ ದೇಶಕ್ಕೆ ಬಂದವನಿಗೆ ಆ ದೇಶ ಮೊದಲು ಕೊಡುವುದು ಏನನ್ನು? ಭಾಷೆ ತಡವಾಗಿ ಬರುತ್ತದೆ. ಮನಸ್ಸು ಇನ್ನೂ ತಡ. ಬೀದಿಯಲ್ಲಿ ಎಲ್ಲರಿಗೂ ತೆರೆದಿರುವ ಪುಸ್ತಕವೆಂದರೆ ಉಡುಪು. ಇದನ್ನು ತಿಳಿಯಲು ಲಂಡನ್ನಿಗೇ ಹೋಗಬೇಕಾಗಿಲ್ಲ. ನಮ್ಮ ತಾಯಿ ರೈಲಿನಲ್ಲಿ ಎದುರು ಕುಳಿತ ಹೆಂಗಸು ಬಾಯಿ ತೆರೆಯುವ ಮೊದಲೇ ಅವಳ ಸೀಮೆಯನ್ನು ಹೇಳುತ್ತಿದ್ದರು: ನೆರಿಗೆ ಹಿಂದಕ್ಕಿದ್ದರೆ ಕೊಡಗಿನವರು, ಸೆರಗು ತಲೆಯ ಮೇಲೆ ಹೀಗಿದ್ದರೆ ಉತ್ತರದ ಕಡೆಯವರು ಎಂದು. ಅವರು ಓದಿದ್ದು ಸ್ವಂತ ನಾಡಿನ ಲಿಪಿಯನ್ನು. ಹೊಲಾರ್ ಪರದೇಶದ ಲಿಪಿಯನ್ನು ತಿದ್ದುತ್ತಿದ್ದಾನೆ. ಕೊರಳಪಟ್ಟಿಯ ಅಗಲ ಎಷ್ಟು, ಮೇಲಂಗಿಯನ್ನು ಎಲ್ಲಿ ಎತ್ತಿ ಹಿಡಿಯುತ್ತಾರೆ, ವರ್ತಕನ ಹೆಂಡತಿಯ ಟೊಪ್ಪಿಗೆಗೂ ಅರಮನೆಯವಳ ಮುಸುಕಿಗೂ ಭೇದವೇನು, ಇವು ಅವನ ಅಕ್ಷರಮಾಲೆ. ಅಕ್ಷರ ತಿದ್ದುವ ಹುಡುಗನ ಸ್ಲೇಟಿನಲ್ಲಿ ಕಲ್ಪನೆಯನ್ನು ಹುಡುಕುವುದು ನ್ಯಾಯವೇ? ಪ್ರಸಂಗಕ್ಕೆ ಹೇಳುತ್ತೇನೆ: ನಮ್ಮ ಎಷ್ಟೋ ಪ್ರವಾಸಕಥನಗಳಲ್ಲಿ ವಿಮಾನವಿಳಿದ ಮರುಪುಟದಲ್ಲೇ ಆ ದೇಶದ ಆತ್ಮ ಲೇಖಕರ ಕೈಗೆ ಸಿಕ್ಕಿಬಿಡುತ್ತದೆ. ಅಲ್ಲಿಯ ಜನ ಕಾಲಿಗೆ ಏನು ಹಾಕುತ್ತಾರೆಂಬುದು ಮಾತ್ರ ಪುಸ್ತಕ ಮುಗಿದರೂ ತಿಳಿಯುವುದಿಲ್ಲ.

ತಿದ್ದುತ್ತ ತಿದ್ದುತ್ತ ಅಕ್ಷರಗಳು ವಾಕ್ಯವಾದದ್ದು ೧೬೪೩-೪೪ರ ಋತುಚಿತ್ರಗಳಲ್ಲಿ. ನಾಲ್ಕು ಋತುಗಳಿಗೆ ನಾಲ್ವರು ಹೆಂಗಸರು. ಈಗ ಅವರ ಹಿಂದೆ ಬರಿಯ ನೆಲವಿಲ್ಲ, ಊರಿದೆ. ಬೇಸಗೆಯವಳ ಹಿಂದೆ ಸೇಂಟ್ ಜೇಮ್ಸ್ ಉಪವನ, ಅದರಾಚೆ ವೈಟ್‌ಹಾಲಿನ ಔತಣ ಮಂದಿರ. ಚಳಿಗಾಲದವಳು ಕಾರ್ನ್‌ಹಿಲ್ ಬೀದಿಯ ಮುಂದೆ ನಿಂತಿದ್ದಾಳೆ. ದೂರದಲ್ಲಿ ರಾಯಲ್ ಎಕ್ಸ್‌ಚೇಂಜಿನ ಗೋಪುರ. ತಲೆಗೆ ಮುಸುಕು, ಹೆಗಲಿಗೆ ತುಪ್ಪಳ, ಕೈಗೆ ಮಫ್, ಮುಖದ ಮೇಲೆ ಕಪ್ಪು ಮುಖವಾಡ. ನಾಲ್ವರಲ್ಲಿ ಇವಳೇ ನನಗೆ ಜೀವಂತವಾಗಿ ಕಾಣುವುದು. ಮುಖ ಬರೆಯಬೇಕಾದ ಹೊರೆ ತಪ್ಪಿತಲ್ಲ, ಅದರಿಂದ ಹೊಲಾರನ ಕೈ ಹಗುರವಾಗಿದೆ. ಇದನ್ನು ಚೇಷ್ಟೆಗೆ ಹೇಳುತ್ತಿಲ್ಲ. ಮುಖವಾಡದ ತೂತಿನಿಂದ ನೋಡುವ ಎರಡು ಕಣ್ಣುಗಳು ಹಿಂದಿನ ಇಪ್ಪತ್ತಾರು ಮುಖಗಳಿಗಿಂತ ಹೆಚ್ಚು ಮಾತಾಡುತ್ತವೆ.

ಊರು ಪರಿಚಯವಾಯಿತೆನ್ನುವ ಹೊತ್ತಿಗೆ ಆ ಊರೇ ಒಡೆಯುತ್ತಿತ್ತು. ೧೬೪೧ರಲ್ಲಿ ಸ್ಟ್ರಾಫರ್ಡನ ತಲೆ ಹಾರಿಸಿದ ದೃಶ್ಯವನ್ನು ಹೊಲಾರ್ ಬರೆದ. ಒಬ್ಬಳ ಲೇಸಿನ ಎಳೆ ಎಣಿಸಿದವನಿಗೆ ಅಲ್ಲಿ ಸಿಕ್ಕಿದ್ದು ಗುಂಪು, ಟೊಪ್ಪಿಗೆಗಳ ಸಾಗರ. ಅದೇ ಸುಮಾರಿಗೆ ಮಾಡಿದ ಇನ್ನೊಂದು ಫಲಕದಲ್ಲಿ ಲೋಕಾಭಿಪ್ರಾಯವೆಂಬ ಹೆಂಗಸು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮರದ ಮೇಲೆ ಕುಳಿತಿದ್ದಾಳೆ. ಕೈಯ ಮೇಲೆ ಊಸರವಳ್ಳಿ. ಮರದ ಹಣ್ಣೆಂದರೆ ಕರಪತ್ರಗಳು. ಬುಡಕ್ಕೆ ನೀರೆರೆಯುವವನು ಒಬ್ಬ ವಿದೂಷಕ. ಕೆಳಗೆ ನಿಂತು ಅವಳನ್ನು ಪ್ರಶ್ನಿಸುವವನು ಪ್ರಯಾಣಿಕ. ಆಲೋಚನೆ ಹೊಲಾರನದಲ್ಲ, ಹೆನ್ರಿ ಪೀಚಮನದು. ಆದರೂ ಆ ಪ್ರಯಾಣಿಕನನ್ನು ಬರೆಯುವಾಗ ಬೊಹೀಮಿಯದ ಈ ಪ್ರಯಾಣಿಕನಿಗೆ ಏನೂ ಅನಿಸಿರಲಾರದೆಂದು ನಂಬುವುದು ನನಗೆ ಕಷ್ಟ.

೧೬೪೨ರಲ್ಲಿ ಅರ್ಲ್ ಇಂಗ್ಲೆಂಡ್ ಬಿಟ್ಟ. ಮತ್ತೆ ಬರಲಿಲ್ಲ, ೧೬೪೬ರಲ್ಲಿ ಪಾದುವದಲ್ಲಿ ತೀರಿಕೊಂಡ. ೧೬೪೪ರ ಹೊತ್ತಿಗೆ ಹೊಲಾರನೂ ಆಂಟ್‌ವರ್ಪಿನಲ್ಲಿದ್ದಾನೆ. ಇನ್ನೊಂದು ಹೊಸ ದೇಶ, ಇನ್ನೊಂದು ಅಕ್ಷರಾಭ್ಯಾಸ ಎಂದುಕೊಂಡರೆ, ಅಲ್ಲಿ ಅವನು ಮಾಡಿದ ದೊಡ್ಡ ಕೆಲಸಗಳನ್ನು ನೋಡಿ. ೧೬೪೭ರಲ್ಲಿ ಲಂಡನ್ನಿನ ಉದ್ದನೆಯ ನೋಟ, ೧೬೪೯ರಲ್ಲಿ ಪ್ರಾಗ್ ನಗರದ ನೋಟ. ಒಂದು ಬಿಟ್ಟು ಬಂದ ಊರು. ಇನ್ನೊಂದು ಅದಕ್ಕೂ ಮೊದಲು ಬಿಟ್ಟು ಬಂದದ್ದು. ಈ ಎರಡು ನಗರಗಳ ನಡುವೆ, ಲಂಡನ್ ನೋಟದ ವರ್ಷದಲ್ಲೇ, ಆ ಮಫ್‌ಗಳು ಬರುತ್ತವೆ. ಚಳಿಗಾಲದವಳು ತೊಟ್ಟಂಥ ಮಫ್, ಅವಳು ಹಾಕಿದಂಥ ಮುಖವಾಡ; ಕಾರ್ನ್‌ಹಿಲ್ ಇಲ್ಲ, ಅವಳೂ ಇಲ್ಲ. ಇದನ್ನು ಬರಿಯ ಕೈಚಳಕದ ಪ್ರದರ್ಶನವೆಂದು ಕಲಾ ಇತಿಹಾಸಕಾರರು ಹೇಳಿದರೆ ನಾನು ವಾದಕ್ಕೆ ನಿಲ್ಲಲಾರೆ. ತುಪ್ಪಳದ ಬೆಲೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ನನ್ನ ಕಣ್ಣಿಗೆ ಮಾತ್ರ ಇದು ಬೀಗ ಹಾಕಿದ ಮನೆಯೊಳಗೆ ಗೂಟದಲ್ಲಿ ತೂಗುವ ಅಂಗಿಯಂತೆ ಕಾಣುತ್ತದೆ. ಅಲಂಕಾರ್ಯವಿಲ್ಲದಿದ್ದರೆ ಅಲಂಕಾರ ಯಾವುದಕ್ಕೆ ಎಂದನಲ್ಲ ಕುಂತಕ, ಇಲ್ಲಿ ಆ ಇಲ್ಲದಿರುವಿಕೆಯೇ ಚಿತ್ರದ ವಸ್ತು.

೧೬೫೨ರಲ್ಲಿ ಅವನು ಲಂಡನ್ನಿಗೆ ಮರಳಿದ. ದೊರೆ ಚಾರ್ಲ್ಸನ ತಲೆ ೧೬೪೯ರಲ್ಲೇ ಉರುಳಿತ್ತು, ಬೇಸಗೆಯವಳ ಹಿಂದೆ ಕಂಡ ಆ ಔತಣ ಮಂದಿರದ ಮುಂದೆಯೇ. ತಾನು ಮೊದಲು ಬಂದಾಗ ಬಡವರೂ ಬಲ್ಲಿದರೂ ನಗುಮುಖದಲ್ಲಿದ್ದರು. ಮರಳಿ ಬಂದಾಗ ಎಲ್ಲರ ಮುಖಚರ್ಯೆಯೂ ಮಾಟ ಮಾಡಿಸಿದವರಂತೆ ಕಹಿಯಾಗಿ ಬದಲಾಗಿತ್ತೆಂದು ಹೊಲಾರ್ ಆಬ್ರಿಯ ಬಳಿ ಹೇಳಿಕೊಂಡನಂತೆ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮುಖ ಬರೆಯಬಾರದವನೆಂದು ನಾವು ಹಂಗಿಸಿದ ಮನುಷ್ಯ ಹದಿನೈದು ವರ್ಷಗಳ ಅಂತರದ ಮುಖಗಳನ್ನು ಮನಸ್ಸಿನಲ್ಲಿಟ್ಟು ಹೋಲಿಸುತ್ತಿದ್ದ! ಕಂಡಿದ್ದ, ತಗಡಿಗೆ ಇಳಿಸಲಿಲ್ಲ. ಇಳಿಸಲು ಕೈ ಸಾಗದೆ ಹೋಯಿತೋ, ಅತಿಥಿಯಾದವನು ಮನೆಯವರ ಮುಖವನ್ನು ದಿಟ್ಟಿಸಬಾರದೆಂಬ ಸಂಕೋಚವೋ. ನನ್ನ ಮನಸ್ಸು ಎರಡನೆಯದರ ಕಡೆಗೆ ವಾಲುತ್ತದೆ. ಆದರೆ ಅದರಿಂದ ನಮಗಾದ ನಷ್ಟವೂ ಸಣ್ಣದಲ್ಲ. ಆ ಬದಲಾದ ಮುಖಗಳಲ್ಲಿ ಒಂದನ್ನು ಬರೆದಿದ್ದರೂ ಸಾಕಾಗಿತ್ತು.

ಕೊನೆಯ ವರ್ಷಗಳು ಸುಖದವಲ್ಲ. ಮರಳುಗಡಿಯಾರವನ್ನು ಮುಂದಿಟ್ಟುಕೊಂಡು ಗಂಟೆಗೆ ನಾಲ್ಕು ಪೆನ್ಸಿನಂತೆ ದುಡಿಯುತ್ತಿದ್ದ, ಯಾರಾದರೂ ಮಾತಿಗೆ ಬಂದರೆ ಗಡಿಯಾರವನ್ನು ಅಡ್ಡ ಮಲಗಿಸುತ್ತಿದ್ದ ಎಂದು ಹೇಳುತ್ತಾರೆ. ಚೆನ್ನಾಗಿ ಚಿತ್ರ ಬರೆಯುತ್ತಿದ್ದ ಮಗ ಪ್ಲೇಗಿಗೆ ಬಲಿಯಾದ. ೧೬೬೬ರ ಬೆಂಕಿಯಲ್ಲಿ ಕಾರ್ನ್‌ಹಿಲ್ ಬೀದಿಯೂ ರಾಯಲ್ ಎಕ್ಸ್‌ಚೇಂಜೂ ಸುಟ್ಟುಹೋದವು. ಹೊಲಾರ್ ನದಿಯ ಆಚೆ ದಡದ ನೋಟವನ್ನು ಬೆಂಕಿಗೆ ಮೊದಲು, ಬೆಂಕಿಯ ಮೇಲೆ ಎಂದು ಒಂದರ ಕೆಳಗೊಂದು ಬರೆದ. ೧೬೭೭ರಲ್ಲಿ ಬಡತನದಲ್ಲೇ ಸತ್ತ.

ಟೊರಾಂಟೊ ವಿಶ್ವವಿದ್ಯಾಲಯದ ಥಾಮಸ್ ಫಿಷರ್ ಗ್ರಂಥಾಲಯದವರು ತಮ್ಮಲ್ಲಿರುವ ಹೊಲಾರನ ಫಲಕಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಮಗಳ ಕಂಪ್ಯೂಟರಿನಲ್ಲಿ ಮಫ್‌ನ ಕೂದಲನ್ನು ಹಿಗ್ಗಿಸಿ ನೋಡುತ್ತಿದ್ದಾಗ ಅವನ ಸಹಿಗಳ ಕಡೆಗೆ ಗಮನ ಹೋಯಿತು. ಲಂಡನ್ನಿನಲ್ಲಿ ಮಾಡಿದ್ದಿರಲಿ, ಆಂಟ್‌ವರ್ಪಿನಲ್ಲಿ ಮಾಡಿದ್ದಿರಲಿ, ಎಷ್ಟೋ ಫಲಕಗಳ ಮೂಲೆಯಲ್ಲಿ ಹೆಸರಿನ ಮುಂದೆ ಸಣ್ಣ ಅಕ್ಷರದಲ್ಲಿ ಒಂದು ಲ್ಯಾಟಿನ್ ಮಾತು ಇದೆ: ಬೊಹೀಮಸ್, ಬೊಹೀಮಿಯದವನು.