ಮಿನುಗು ಉಳೀತು, ಭಯ ಹೋಯ್ತು

ಮೊನ್ನೆ ರಾತ್ರಿ ನಿದ್ದೆ ಬರದೆ ಬಿಬಿಸಿಯ ಹಳೇ ಸೀರಿಯಲ್ಲು 'ಲೈಫ್ ಆನ್ ಮಾರ್ಸ್' ಮತ್ತೆ ಹಾಕ್ಕೊಂಡು ಕೂತೆ. 2006ರ ಮ್ಯಾಂಚೆಸ್ಟರ್ ಪೊಲೀಸು ಸ್ಯಾಮ್ ಟೈಲರ್‌ಗೆ ಕಾರು ಗುದ್ದುತ್ತೆ. ಕಣ್ಣು ಬಿಟ್ಟರೆ 1973. ಐಪಾಡಲ್ಲಿ ಶುರುವಾದ ಡೇವಿಡ್ ಬೋವೀ ಹಾಡು ಹಳೇ ಕಾರಿನ ಟೇಪಲ್ಲಿ ಮುಂದುವರಿಯುತ್ತೆ. ಕಾಲ ಜಿಗಿಯೋದನ್ನ ಇಷ್ಟು ಚೆಂದ ತೋರಿಸಿದ್ದು ನಾನಂತೂ ಬೇರೆಲ್ಲೂ ನೋಡಿಲ್ಲ.

ಆದ್ರೆ ಒಂದು ದೃಶ್ಯ ತಲೆಯಲ್ಲೇ ಉಳೀತು. ಕ್ಲಬ್ಬೊಂದರಲ್ಲಿ ಸ್ಯಾಮ್‌ಗೆ ಟಿ. ರೆಕ್ಸ್ ಬ್ಯಾಂಡಿನ ಮಾರ್ಕ್ ಬೋಲನ್ ಸಿಗ್ತಾನೆ. ಮಿನಿ ಕಾರಲ್ಲಿ ಹುಷಾರಪ್ಪಾ ಅಂತ ಎಚ್ಚರಿಸ್ತಾನೆ ಸ್ಯಾಮ್. 1977ರಲ್ಲಿ ಬೋಲನ್ ಸತ್ತಿದ್ದು ಮಿನಿ ಅಪಘಾತದಲ್ಲೇ ಅಂತ ಗೊತ್ತಿರೋ ನಾವು ನಗ್ತೀವಿ. ಹಳೇ ನೆನಪಿನ ಟಿವಿ ಬದುಕೋದೇ ಈ ನಗುವಿನ ಮೇಲೆ: ಮುಂದೇನಾಯ್ತು ಅಂತ ಗೊತ್ತಿರೋರ ನಗು.

ಗ್ಲ್ಯಾಮ್ ರಾಕ್ ಮನೆಮನೆ ಹೊಕ್ಕಿದ್ದು ಮಾತ್ರ ಮುಂದೇನು ಅಂತ ಗೊತ್ತಿಲ್ಲದೋರ ಎದುರು. 1972ರ ಜುಲೈ 6, 'ಟಾಪ್ ಆಫ್ ದಿ ಪಾಪ್ಸ್' ಕಾರ್ಯಕ್ರಮ. 'ಸ್ಟಾರ್‌ಮನ್' ಹಾಡ್ತಾ ಬೋವೀ ಗಿಟಾರಿಸ್ಟ್ ಮಿಕ್ ರಾನ್ಸನ್ ಹೆಗಲ ಮೇಲೆ ಕೈ ಹಾಕ್ತಾನೆ. ಅಷ್ಟೇ. ಆದರೆ ಅದೇ ಜನವರಿಯಲ್ಲಿ ಅವನು ತಾನು ಗೇ ಅಂತ ಪತ್ರಿಕೆಯೊಂದಕ್ಕೆ ಹೇಳಿದ್ದ. ಇಂಗ್ಲೆಂಡಿನಲ್ಲಿ ಗಂಡಸರ ನಡುವಿನ ಸಂಬಂಧವನ್ನು ಕಾನೂನು ಅರೆಬರೆಯಾಗಿ ಒಪ್ಪಿದ್ದು 1967ರಲ್ಲಿ. ಅಪ್ಪ ಪಕ್ಕದಲ್ಲೇ ಕೂತಿರೋ ನಡುಮನೆಯಲ್ಲಿ ಆ ಕೈ ನೋಡಿದ ಹುಡುಗನಿಗೆ ಅದು ಫ್ಯಾಶನ್ ಆಗಿರಲಿಲ್ಲ, ಎದೆ ಹೊಡ್ಕೊಳ್ಳೋ ವಿಷಯ.

2000ದಲ್ಲಿ ಬಂದ 'ಐ ಲವ್ ದ ಸೆವೆಂಟೀಸ್' ಥರದ ಕಾರ್ಯಕ್ರಮಗಳ ಅಚ್ಚಿನಲ್ಲಿ ಇದೆಲ್ಲಾ ಎತ್ತರದ ಚಪ್ಪಲಿ, ಕೆನ್ನೆ ಮೇಲಿನ ಮಿನುಗು ಆಗಿಬಿಡುತ್ತೆ. 'ಅಯ್ಯೋ, ಹೆಂಗಿದ್ವಿ ನೋಡ್ರೀ' ಅನ್ನೋ ಧಾಟಿ. ಹೀಗೆ ನಗೋದ್ರಲ್ಲಿ ಧೈರ್ಯವೂ ಮಾಯ, ಪಾಪವೂ ಮಾಯ. ಗ್ಲ್ಯಾಮಿನ ದೊಡ್ಡ ತಾರೆ ಗ್ಯಾರಿ ಗ್ಲಿಟರ್ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗೆ 2015ರಲ್ಲಿ 16 ವರ್ಷದ ಶಿಕ್ಷೆಗೆ ಒಳಗಾದ. ಅವನೂ ಅದೇ ಮಿನುಗಿನಲ್ಲಿ, ಅದೇ ನಡುಮನೆಗಳಿಗೆ ಬಂದಿದ್ದ. ಕೆಲವರಿಗೆ ಬಿಡುಗಡೆ ತಂದ ವೇಷ ಇನ್ನೊಬ್ಬನಿಗೆ ಮರೆಯಾಗಿತ್ತು. ಇವೆರಡನ್ನೂ ಒಟ್ಟಿಗೆ ನೆನೆಯೋದು ಕಷ್ಟ. ಅದಕ್ಕೇ ಚಪ್ಪಲಿ ನೋಡಿ ನಗೋದು ಸುಲಭ.

ಹಾಗಂತ 'ಲೈಫ್ ಆನ್ ಮಾರ್ಸ್' ನೋಡಬೇಡಿ ಅಂತಲ್ಲ. ನೋಡಿ, ಆಮೇಲೆ ಆ 1972ರ ತುಣುಕನ್ನೂ ನೋಡಿ. ಬೋವೀನ ಬಿಡಿ, ಹಿಂದುಗಡೆ ಕುಣೀತಿರೋ ಸಾದಾ ಬಟ್ಟೆಯ ಹುಡುಗ ಹುಡುಗೀರನ್ನ ಗಮನಿಸಿ. ತಾವು ಏನಕ್ಕೆ ಸಾಕ್ಷಿ ಆಗ್ತಿದ್ದೀವಿ ಅನ್ನೋದು ಅವರಿಗೆ ಗೊತ್ತೇ ಇಲ್ಲ.