ಅಭಿಮಾನ ಮತ್ತು ಒಡೆತನ: ತಂಡವನ್ನು ಕೊಳ್ಳುವವರಾರೆಂಬ ಜನರ ಊಹೆಯ ಒಂದು ವಿಮರ್ಶೆ

ಜನರ ಬಾಯಲ್ಲಿ ಹುಟ್ಟಿ ಬಾಯಲ್ಲೇ ಅಳಿಯುವ ಮಾತು ವಿಮರ್ಶೆಯ ವಸ್ತುವಾಗಬಲ್ಲುದೆ ಎಂಬ ಸಂದೇಹ ಸಹಜವಾದುದು. ಲಾವಣಿ, ಗೀಗೀಪದ, ಗಾದೆ, ಒಗಟುಗಳು ವಿದ್ವಾಂಸರ ಗಮನಕ್ಕೆ ಬಂದು ಬಹುಕಾಲವಾಯಿತು. ಆದರೆ ಸುದ್ದಿಯೂ ಅಲ್ಲದೆ ಕಥೆಯೂ ಅಲ್ಲದೆ ಎರಡರ ನಡುವೆ ತೂಗಾಡುವ ಊಹೆಯ ಮಾತಿಗೆ ನಮ್ಮ ಅಧ್ಯಯನದಲ್ಲಿ ದೊರೆತ ಸ್ಥಾನ ಅತ್ಯಲ್ಪ. ಅದನ್ನು ‘ಅಂತೆ ಕಂತೆ’ ಎಂದು ತಳ್ಳಿಹಾಕುವುದೇ ವಾಡಿಕೆ. ಇಂತಹ ಮಾತಿಗೂ ಒಂದು ರೂಪವಿದೆ, ಅದರ ಹಿಂದೆ ಒಂದು ಬೇಡಿಕೆಯಿದೆ, ಅದರಲ್ಲಿ ಗುಣವಿರುವಂತೆ ದೋಷವೂ ಇದೆ ಎಂಬುದನ್ನು ಒಂದು ನಿದರ್ಶನದಿಂದ ತೋರಿಸುವುದು ಈ ಲೇಖನದ ಉದ್ದೇಶ.

ನಿದರ್ಶನವು ಇತ್ತೀಚಿನದು. ಕಾಲ್ಚೆಂಡಿನ ನಾಡುಗಳಲ್ಲಿ ‘ನಮ್ಮ ಕ್ಲಬ್ಬನ್ನು ಯಾರು ಕೊಳ್ಳುವರು’ ಎಂಬ ಚರ್ಚೆ ಹಳೆಯದು. ಕರ್ನಾಟಕದಲ್ಲಿ ಆ ಚರ್ಚೆ ಮನೆಮನೆಗೆ ಮುಟ್ಟಿದುದು ಕಾಲ್ಚೆಂಡಿನಿಂದಲ್ಲ, ಕ್ರಿಕೆಟ್ಟಿನಿಂದ. ರಾಯಲ್ ಚಾಲೆಂಜರ್ಸ್ ತಂಡವನ್ನು 2008ರ ಜನವರಿಯಲ್ಲಿ ವಿಜಯ ಮಲ್ಯರು 11 ಕೋಟಿ 16 ಲಕ್ಷ ಡಾಲರಿಗೆ ಹರಾಜಿನಲ್ಲಿ ಪಡೆದರು. ಅವರ ಮದ್ಯದ ಕಂಪನಿಯ ಒಂದು ವಿಸ್ಕಿಯ ಹೆಸರೇ ತಂಡದ ಹೆಸರಿಗೆ ಮೂಲವಾಯಿತು. 2014ರಲ್ಲಿ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಹೆಚ್ಚಿನ ಪಾಲು ಬ್ರಿಟನ್ನಿನ ಡಿಯಾಜಿಯೊ ಸಂಸ್ಥೆಯ ಕೈಸೇರಿತು; ಕಂಪನಿಯೊಡನೆ ತಂಡವೂ ಹೋಯಿತು. ಹದಿನೆಂಟನೆಯ ಆವೃತ್ತಿಯಲ್ಲಿ, ಅಂದರೆ 2025ರ ಜೂನ್ 3ರಂದು, ಪುರುಷರ ತಂಡವು ಮೊದಲ ಬಾರಿಗೆ ಪ್ರಶಸ್ತಿ ಪಡೆಯಿತು. ಕೆಲವೇ ದಿನಗಳಲ್ಲಿ ತಂಡ ಮಾರಾಟಕ್ಕಿದೆಯೆಂಬ ವರದಿ ಹಬ್ಬಿತು. ಅದು ಊಹೆಯೆಂದು ಕಂಪನಿ ಹೇಳಿತು. ಅದೇ ಕಂಪನಿ ನವೆಂಬರ್ 5ರಂದು ತಂಡದ ಒಡೆತನದ ಬಗೆಗೆ ಪುನರ್ವಿಮರ್ಶೆ ಕೈಗೊಂಡಿರುವುದಾಗಿಯೂ, 2026ರ ಮಾರ್ಚ್ 31ರೊಳಗೆ ಅದು ಮುಗಿಯುವ ನಿರೀಕ್ಷೆಯಿರುವುದಾಗಿಯೂ ಶೇರುಪೇಟೆಗೆ ತಿಳಿಸಿತು. ಈ ಎರಡು ಹೇಳಿಕೆಗಳ ನಡುವಣ ಹಾಗೂ ಅನಂತರದ ಕೆಲವು ತಿಂಗಳ ಜನರ ಮಾತೇ ನಮ್ಮ ವಸ್ತು. ಕೊನೆಗೆ ಕೊಂಡವರಾರು ಎಂಬುದು ವ್ಯಾಪಾರದ ಇತಿಹಾಸಕ್ಕೆ ಸೇರಿದ ವಿಷಯ. ಕೊಳ್ಳುವ ಮುನ್ನ ಜನ ಏನನ್ನು ಬಯಸಿದರು ಎಂಬುದು ಸಂಸ್ಕೃತಿಯ ಇತಿಹಾಸಕ್ಕೆ ಸೇರಿದುದು.

ಈ ಮಾತುಗಳನ್ನು ಲೇಖಕನು ಆಲಿಸಿದುದು ಬೆಂಗಳೂರಿನಲ್ಲಲ್ಲ, ಅಲ್ಲಿಂದ ನಾನೂರು ಕಿಲೋಮೀಟರಿಗೂ ಮಿಕ್ಕಿ ದೂರವಿರುವ ಚಚಡಿಯಲ್ಲಿ. ಸವದತ್ತಿಯ ಸೀಮೆಗೆ ಸೇರಿದ ಈ ಊರು ದೇಸಗತಿಯ ನೆನಪನ್ನು ಉಳಿಸಿಕೊಂಡಿರುವಂಥದು. ತಂಡದ ಆಟವನ್ನು ಕ್ರೀಡಾಂಗಣದಲ್ಲಿ ಕುಳಿತು ಕಂಡವರು ಇಲ್ಲಿ ವಿರಳ; ತಂಡವನ್ನು ‘ನಮ್ಮದು’ ಎನ್ನದವರೂ ವಿರಳ. ಚಹದಂಗಡಿಯ ಮುಂದೆ ಕೂತು ಸಾವಿರಾರು ಕೋಟಿಗಳ ಲೆಕ್ಕ ಹಾಕುವ ತರುಣರ ಮಾತಿನಲ್ಲಿ ಮೂರು ವ್ಯಾಕರಣ ರೂಪಗಳು ಮತ್ತೆ ಮತ್ತೆ ಬರುತ್ತವೆ. ಆ ಮೂರರಲ್ಲಿಯೇ ಈ ಪ್ರಕಾರದ ಲಕ್ಷಣವೆಲ್ಲ ಅಡಗಿದೆಯೆಂದು ನಮಗೆ ತೋರುತ್ತದೆ.

ಮೊದಲನೆಯದು ‘ಅಂತೆ’, ಈ ಭಾಗದ ಉಚ್ಚಾರದಲ್ಲಿ ‘ಅಂತ’. ‘ತಗೋತಾರಂತ’ ಎಂಬ ಒಂದು ಪದದಲ್ಲಿ ಸುದ್ದಿಯೂ ಇದೆ, ಸುದ್ದಿಯ ಹೊಣೆಯಿಂದ ಬಿಡುಗಡೆಯೂ ಇದೆ. ಹೇಳುವವನು ಸಾಕ್ಷಿಯಲ್ಲ, ಕೇಳಿದವನು ಮಾತ್ರ. ಲಸಿಕೆಯ ಉದ್ಯಮಿ ಆದಾರ್ ಪೂನಾವಾಲಾ ಅವರು 2025ರ ಅಕ್ಟೋಬರಿನಲ್ಲಿ, ಸರಿಯಾದ ಬೆಲೆಗೆ ದೊರೆತರೆ ಇದು ಒಳ್ಳೆಯ ತಂಡವೆಂಬ ಅರ್ಥದ ಒಂದು ಮಾತನ್ನು ಬಹಿರಂಗವಾಗಿ ಆಡಿದರು. ಆ ಒಂದು ವಾಕ್ಯವು ಅಂತೆಯ ಬಾಯಿಗೆ ಸಿಕ್ಕು ಕೊಳ್ಳುವ ನಿಶ್ಚಯವೇ ಆಗಿ ಬೆಳೆಯಿತು. ಇದಕ್ಕೆ ಮುಂಚೆ ಜೂನ್ ತಿಂಗಳಲ್ಲಿ ಉಪಮುಖ್ಯಮಂತ್ರಿಗಳಾಗಿದ್ದ ಡಿ. ಕೆ. ಶಿವಕುಮಾರರ ಹೆಸರು ಹಬ್ಬಿದಾಗ ಅವರು, ತಾವು ಹುಚ್ಚರಲ್ಲವೆಂದೂ, ಆ ಹೆಸರಿನ ಮದ್ಯವನ್ನು ಸಹ ತಾವು ಕುಡಿಯುವುದಿಲ್ಲವೆಂದೂ ವಿನೋದವಾಗಿ ಅಲ್ಲಗಳೆದರು. ಅಲ್ಲಗಳೆದ ಮಾತೂ ಅಂತೆಯ ಆಹಾರವಾಗುವುದನ್ನು ಗಮನಿಸಬೇಕು: ನಿರಾಕರಣೆಯು ಹೆಸರನ್ನು ಅಳಿಸುವ ಬದಲು ಇನ್ನೊಮ್ಮೆ ಉಚ್ಚರಿಸುತ್ತದೆ.

ಎರಡನೆಯದು ಪಕ್ಷಾರ್ಥದ ‘ರೆ’: ‘ಅವರು ಕೊಂಡರೆ’. ಊಹೆಯು ಬಯಕೆಯಾಗುವುದು ಇಲ್ಲಿ. ವರದಿಗಳಲ್ಲಿ ಕನ್ನಡದ ಚಿತ್ರ ನಿರ್ಮಾಣ ಸಂಸ್ಥೆಯಾದ ಹೊಂಬಾಳೆ ಫಿಲಂಸಿನ ಹೆಸರು ಕಾಣಿಸಿದಾಗ ಉಂಟಾದ ಹಿಗ್ಗಿಗೆ ಆ ಸಂಸ್ಥೆಯ ಹಣಬಲ ಕಾರಣವಲ್ಲ. ‘ನಮ್ಮವರು’ ಎಂಬ ಭಾವವೇ ಕಾರಣ. ಜನರು ಕಲ್ಪಿಸುವ ಕೊಳ್ಳುಗರು ಬಹುಮಟ್ಟಿಗೆ ಮೂರು ಬಗೆಯವರು: ಧನಿಕ, ನಾಡವ, ಖ್ಯಾತ. ಧನಿಕನಿಂದ ಒಳ್ಳೆಯ ಆಟಗಾರರನ್ನೂ, ನಾಡವನಿಂದ ಕನ್ನಡದ ಮನ್ನಣೆಯನ್ನೂ, ಖ್ಯಾತನಿಂದ ಮೆರುಗನ್ನೂ ನಿರೀಕ್ಷಿಸುತ್ತಾರೆ. ಹೀಗೆ ಕೊಳ್ಳುವವನ ವರ್ಣನೆಯು ವಾಸ್ತವವಾಗಿ ತಂಡದ ಕೊರತೆಗಳ ಪಟ್ಟಿಯಾಗಿರುತ್ತದೆ. ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ವಾಚ್ಯಾರ್ಥವು ಕೊಳ್ಳುಗನನ್ನು ಕುರಿತದ್ದು, ವ್ಯಂಗ್ಯಾರ್ಥವು ಈಗಿರುವ ಒಡೆಯನನ್ನು ಕುರಿತದ್ದು.

ಮೂರನೆಯದು ಅವಧಾರಣಾರ್ಥಕವಾದ ‘ಏ’. ‘ಈ ಸಲ ಕಪ್ ನಮ್ದೇ’ ಎಂಬ ಘೋಷವನ್ನು ಅರಿಯದ ಕನ್ನಡಿಗನಿಲ್ಲ. ಎಷ್ಟೋ ವರ್ಷ ಅದು ಅನ್ಯರ ನಗೆಗೆ ಗುರಿಯಾಯಿತು, 2025ರಲ್ಲಿ ನಿಜವಾಯಿತು. ‘ನಮ್ಮದು’ ಎಂಬ ಷಷ್ಠಿಯ ಪದಕ್ಕೆ ‘ಏ’ ಸೇರಿದಾಗ ಅದು ಅನ್ಯರ ಹಕ್ಕನ್ನು ಹೊರಗಿಡುತ್ತದೆ: ನಮ್ಮದೇ, ಬೇರೆಯವರದಲ್ಲ. ಆದರೆ ಕಾಗದಪತ್ರದಂತೆ ಅದು ಬೇರೆಯವರದೇ. ಈ ವೈರುಧ್ಯವೇ ನಮ್ಮ ವಿಚಾರದ ಕೇಂದ್ರ.

ಕನ್ನಡದಲ್ಲಿ ಈ ವೈರುಧ್ಯವನ್ನು ಎರಡು ಪದಗಳು ಹಿಡಿದಿಟ್ಟಿವೆ. ‘ಒಡೆಯ’ ಶಬ್ದವು ಒಡಮೆ, ಒಡವೆಗಳ ಬಳಗಕ್ಕೆ ಸೇರಿದುದು, ತಮಿಳಿನ ‘ಉಡೈ’ಗೆ ಬಂಧು, ಇರುವುದನ್ನು ಉಳ್ಳವನು ಎಂಬುದೇ ಅದರ ಮೂಲಾರ್ಥ. ‘ಅಭಿಮಾನಿ’ಯಾದರೋ ಸಂಸ್ಕೃತದಿಂದ ಬಂದ ಪದ. ಸಾಂಖ್ಯರು ಅಹಂಕಾರದ ಲಕ್ಷಣವನ್ನೇ ಅಭಿಮಾನವೆಂದರು. ‘ಇದು ನಾನು, ಇದು ನನ್ನದು’ ಎಂಬ ಬುದ್ಧಿಯೇ ಅದು. ತಂಡವನ್ನು ಮೆಚ್ಚುವವನಿಗೆ ಪ್ರೇಕ್ಷಕ, ರಸಿಕ ಮುಂತಾದ ಪದಗಳಿದ್ದರೂ ಕನ್ನಡಿಗರು ಅಭಿಮಾನಿ ಎಂಬ ಪದವನ್ನೇ ಆರಿಸಿಕೊಂಡುದು ಅರ್ಥವತ್ತಾಗಿದೆ. ಒಡೆಯನು ಉಳ್ಳವನು; ಅಭಿಮಾನಿಯು ಇಲ್ಲದೆಯೂ ತನ್ನದೆನ್ನುವವನು. ಒಡೆತನವನ್ನು ಮಾರಬಹುದು, ಅಭಿಮಾನವನ್ನು ಮಾರಲು ಬರುವುದಿಲ್ಲ. ಆದರೆ ಅಭಿಮಾನವಿಲ್ಲದ ತಂಡಕ್ಕೆ ಬೆಲೆಯೇ ಇಲ್ಲ. ಎಂದಮೇಲೆ ಮಾರಾಟವಾಗುವುದು ಯಾರ ಸ್ವತ್ತು?

ಚಚಡಿಯ ಆಸುಪಾಸಿನಲ್ಲಿ ಈ ಪ್ರಶ್ನೆಗೆ ಒಂದು ಹಳೆಯ ಪ್ರತಿಧ್ವನಿಯಿದೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜನು ತೀರಿಕೊಂಡಾಗ, ಸಂಸ್ಥಾನ ಯಾರದು ಎಂಬ ಪ್ರಶ್ನೆ ಎದ್ದಿತು. ದತ್ತಕನಾದ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಚೆನ್ನಮ್ಮ ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಕಾಗದದಲ್ಲಿ ಕಿತ್ತೂರು ಕಂಪನಿಯದಾಯಿತು, ಲಾವಣಿಯಲ್ಲಿ ಆಗಲಿಲ್ಲ. ಆ ಘನವಾದ ಬಲಿದಾನವನ್ನು ಆಟದ ತಂಡದೊಡನೆ ಸಮೀಕರಿಸುವುದು ಅವಿವೇಕ. ಹಾಗೆ ಮಾಡುವುದು ನಮ್ಮ ಉದ್ದೇಶವಲ್ಲ. ನಾವು ಹೇಳುವುದು ಇಷ್ಟೇ: ವಾರಸು, ದತ್ತಕ, ಮನ್ನಣೆ ಎಂಬ ಮಾತುಗಳನ್ನು ತಲೆಮಾರುಗಳಿಂದ ಕೇಳಿದ ಸೀಮೆಯಲ್ಲಿ, ‘ಯಾರು ಕೊಳ್ಳುವರು’ ಎಂಬುದು ಬೇಗನೆ ‘ಯಾರು ತಕ್ಕ ವಾರಸುದಾರರು’ ಎಂಬುದಾಗಿ ಮಾರ್ಪಡುತ್ತದೆ. ಕೊಳ್ಳುವವನಿಗೆ ಹಣ ಸಾಕು. ವಾರಸುದಾರನಿಗೆ ಯೋಗ್ಯತೆಯೂ ಬೇಕು. ಸಮೀಪದ ಕುಸ್ತಿಯ ಪರಂಪರೆಯೂ ಇದಕ್ಕೆ ಪೋಷಕವಾಗಿದೆ. ಕೊಲ್ಲಾಪುರದ ಶಾಹೂ ಮಹಾರಾಜರು ಪೈಲವಾನರ ಆಶ್ರಯದಾತರಾಗಿದ್ದರು. ಪೈಲವಾನರನ್ನು ಅವರು ‘ಕೊಂಡ’ರೆಂದು ಯಾರೂ ಹೇಳುವುದಿಲ್ಲ.

ಅಭಿಮಾನಿಯ ಮಾತು ಕೇವಲ ಭ್ರಮೆಯೆನ್ನುವವರು ಕಾಲ್ಚೆಂಡಿನ ಇತಿಹಾಸವನ್ನು ನೋಡಬೇಕು. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಬೇರೊಂದು ಊರಿಗೆ ಸಾಗಿಸಲು 2002ರಲ್ಲಿ ಅನುಮತಿ ದೊರೆತಾಗ, ಅಭಿಮಾನಿಗಳು ಅದೇ ವರ್ಷ ತಮ್ಮದೇ ಹೊಸ ಕ್ಲಬ್ಬನ್ನು ಕಟ್ಟಿದರು. 2020ರಲ್ಲಿ ಅದು ಹಳೆಯ ಬೀದಿಗೆ ಮರಳಿತು. 2005ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಮೆರಿಕದ ಗ್ಲೇಜರ್ ಮನೆತನದ ವಶವಾದಾಗಲೂ ಒಂದು ಗುಂಪು ಹೀಗೆಯೇ ಸಿಡಿದು ನಿಂತಿತು. ಜರ್ಮನಿಯಲ್ಲಿ ಕ್ಲಬ್ಬಿನ ಅರ್ಧಕ್ಕೆ ಮಿಕ್ಕಿದ ಮತಾಧಿಕಾರವು ಸದಸ್ಯರ ಸಂಘದಲ್ಲಿಯೇ ಉಳಿಯಬೇಕೆಂಬ ನಿಯಮವು, ಕೆಲವು ವಿನಾಯಿತಿಗಳೊಡನೆ, ಇದೆ. ಅಲ್ಲಿ ಅಭಿಮಾನವು ಒಡೆತನದ ಒಂದಂಶವನ್ನಾದರೂ ಪಡೆದಿದೆ. ನಮ್ಮ ದೇಶದಲ್ಲಿ ಹಾಗಿಲ್ಲ. 2021-22ರ ಇಂಡಿಯನ್ ಸೂಪರ್ ಲೀಗನ್ನು ಗೆದ್ದ ಹೈದರಾಬಾದಿನ ಕಾಲ್ಚೆಂಡಿನ ತಂಡವು ಒಡೆಯರು ಬದಲಾದ ಮೇಲೆ 2025ರಲ್ಲಿ ಹೆಸರು ಬದಲಿಸಿಕೊಂಡು ದಿಲ್ಲಿಗೆ ಹೋಯಿತು. ಊರಿನವರ ‘ನಮ್ಮದು’ ಊರಿನಲ್ಲೇ ಉಳಿಯಿತು, ತಂಡ ಉಳಿಯಲಿಲ್ಲ.

ಇಲ್ಲಿಗೆ ಈ ಪ್ರಕಾರದ ಗುಣವನ್ನು ಹೇಳಿದಂತಾಯಿತು. ಇನ್ನು ದೋಷ. ಚಚಡಿಯಲ್ಲಿ ಕೇಳಿದ ಮಾತುಗಳಲ್ಲಿ ‘ಯಾರು’ ಎಂಬ ಪ್ರಶ್ನೆ ನೂರು ಸಲ ಬಂದಿತು. ‘ಯಾವ ಕರಾರಿನ ಮೇಲೆ’ ಎಂಬುದು ಒಮ್ಮೆಯಾದರೂ ಬಂದುದು ನೆನಪಿಲ್ಲ. ಹೊಸ ಒಡೆಯನು ತಂಡವನ್ನು ಬೇರೆಡೆಗೆ ಒಯ್ಯಬಹುದೇ? ಟಿಕೀಟಿನ ದರವನ್ನು ಯಾರು ನಿಶ್ಚಯಿಸುವರು? ಮಹಿಳೆಯರ ತಂಡದ ಗತಿಯೇನು? 2024ರಲ್ಲಿ ಪುರುಷರಿಗಿಂತ ಮೊದಲೇ ಪ್ರಶಸ್ತಿ ತಂದುದು ಮಹಿಳೆಯರ ತಂಡ. ಮಾರಾಟಕ್ಕೆ ಸಂಬಂಧಿಸಿದ ಹೇಳಿಕೆಯಲ್ಲಿ ಅದೂ ಸೇರಿತ್ತು. ಊಹೆಗಳಲ್ಲಿ ಮಾತ್ರ ಅದರ ಹೆಸರು ಅಪರೂಪ. ಕರಾರನ್ನು ಕೇಳದ ಅಭಿಮಾನವು ಒಡೆಯನಿಗೆ ಅತ್ಯಂತ ಅನುಕೂಲವಾದ ಅಭಿಮಾನ. 2024ರ ಮಾರ್ಚಿನಲ್ಲಿ ತಂಡದ ಹೆಸರಿನ ‘ಬ್ಯಾಂಗಲೋರ್’ ಎಂಬುದು ‘ಬೆಂಗಳೂರು’ ಎಂದಾಯಿತು. ಜನರ ಬಯಕೆಯು ಒಡೆಯನ ನಿರ್ಣಯವಾಗಬಲ್ಲುದೆಂಬುದಕ್ಕೆ ಇದು ಸಾಕ್ಷಿ. ಆದರೆ ನಗರದ ಹೆಸರು ಅಧಿಕೃತವಾಗಿ ಬದಲಾದುದು 2014ರಲ್ಲಿ. ನಡುವೆ ಒಂಬತ್ತು ವರ್ಷಕ್ಕೂ ಮಿಕ್ಕಿದ ಕಾಲ ಕಳೆಯಿತು. ಅಷ್ಟು ಕಾಲ ಕಾಯಿಸಿದುದಕ್ಕೆ ಯಾರೂ ಉತ್ತರ ಹೇಳಬೇಕಾಗಿ ಬರಲಿಲ್ಲ.

ಎಲ್ಲಕ್ಕೂ ಗುರುತರವಾದ ಮೌನ ಇನ್ನೊಂದಿದೆ. ಗೆಲುವಿನ ಮರುದಿನ, 2025ರ ಜೂನ್ 4ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ‘ನಮ್ದೇ’ ಎಂದು ಬಂದವರು ಅವರು. ಹೊಣೆ ಯಾರದೆಂಬ ಪ್ರಶ್ನೆ ವಿಚಾರಣಾ ಆಯೋಗ ಮತ್ತು ನ್ಯಾಯಾಲಯಗಳ ಮುಂದೆ ಹೋಯಿತು. ಅದನ್ನು ಇಲ್ಲಿ ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಆದರೆ ವಿಮರ್ಶಕನು ಒಂದು ಮಾತನ್ನು ಹೇಳಲೇಬೇಕು. ಸಂತೋಷದ ದಿನ ‘ನಮ್ಮದು’ ಎಂದವರು ಲಕ್ಷಾಂತರ. ಆ ಸಾವುಗಳನ್ನು ‘ನಮ್ಮದು’ ಎಂದು ಕೂಡಲೇ ಎತ್ತಿಕೊಂಡ ಕೈ ಕಾಣಲಿಲ್ಲ. ಅನಂತರದ ತಿಂಗಳುಗಳಲ್ಲಿ ಕೊಳ್ಳುವವರ ಯೋಗ್ಯತೆಯನ್ನು ಅಳೆದ ಮಾತುಗಳಲ್ಲಿ ಹಣ, ಹೆಸರು, ನಾಡು ಇವೆಲ್ಲ ಬಂದುವು. ‘ನಮ್ಮವರು ಬಂದು ನಿಂತಾಗ ಅವರ ಜೀವಕ್ಕೆ ಇವನು ಹೊಣೆಯಾಗುವನೇ’ ಎಂಬ ಅಳತೆ ಬರಲಿಲ್ಲ. ಒಡೆಯ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಉಳ್ಳವನು ಎಂಬ ಅರ್ಥದೊಡನೆ ಕಾಯುವವನು ಎಂಬ ಧ್ವನಿಯೂ ಬಹುಕಾಲದಿಂದ ಸೇರಿಬಂದಿದೆ. ಊಹೆಯ ಮಾತು ಮೊದಲ ಅರ್ಥವನ್ನು ಮಾತ್ರ ಹಿಡಿದು ಎರಡನೆಯದನ್ನು ಕೈಬಿಟ್ಟಿತು.

ಆದುದರಿಂದ ನಮ್ಮ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ತಂಡವನ್ನು ಕೊಳ್ಳುವವರಾರೆಂಬ ಜನರ ಮಾತು ಹರಟೆಯಲ್ಲ. ಹಕ್ಕುಪತ್ರವಿಲ್ಲದವರು ತಮ್ಮ ಹಕ್ಕನ್ನು ಆಡಿಕೊಳ್ಳುವ ಒಂದು ರೀತಿ ಅದು. ‘ಅಂತೆ’ ಅದರ ಕಣ್ಣು, ‘ರೆ’ ಅದರ ಕನಸು, ‘ಏ’ ಅದರ ಹಟ. ಆದರೆ ಹಕ್ಕನ್ನು ಹೇಳುವ ಮಾತು ಹೊಣೆಯನ್ನೂ ಕೇಳಿದಾಗಲೇ ಪೂರ್ಣವಾಗುತ್ತದೆ. ‘ಯಾರು ಕೊಳ್ಳುವರು’ ಎಂಬುದರ ಬೆನ್ನಿಗೆ ‘ಕೊಂಡವನು ನಮಗೆ ಏನು ಕೊಡಬೇಕಾದವನು’ ಎಂಬ ಪ್ರಶ್ನೆ ಚಚಡಿಯ ಚಹದಂಗಡಿಯಲ್ಲಿ ಎದ್ದ ದಿನ, ಅಭಿಮಾನಿ ಎಂಬ ಪದಕ್ಕೆ ಕನ್ನಡದಲ್ಲಿ ಹೊಸದೊಂದು ಅರ್ಥ ಸೇರುವುದು. ಈ ಬಗೆಯ ಮಾತುಗಳನ್ನು ಊರೂರಿನಿಂದ ಕೂಡಿಸಿ, ಪ್ರಾದೇಶಿಕ ಭೇದಗಳೊಡನೆ ಪರಿಶೀಲಿಸುವ ಕಾರ್ಯವನ್ನು ತರುಣ ಸಂಶೋಧಕರು ಕೈಗೊಳ್ಳುವುದು ಉಚಿತ.