ಉಡುವುದು, ತೊಡುವುದು ಮತ್ತು ‘ವೇರಿಂಗ್’

ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ರಿಂದ ಇಂಗ್ಲಿಷನ್ನು ಒಂದನೆಯ ತರಗತಿಯಿಂದಲೇ ಒಂದು ವಿಷಯವಾಗಿ ಕಲಿಸುತ್ತ ಬರಲಾಗಿದೆ. ಆ ನಿರ್ಧಾರವನ್ನು ಕುರಿತ ವಾದವಿವಾದಗಳು ಬಹುಮಟ್ಟಿಗೆ ‘ಬೇಕೆ, ಬೇಡವೆ’ ಎಂಬಲ್ಲಿಯೇ ನಿಂತವು. ಪಾಠದೊಳಗೆ ಏನು ನಡೆಯುತ್ತದೆ ಎಂಬುದು ವಿಮರ್ಶೆಯ ಕಣ್ಣಿಗೆ ಬಿದ್ದುದು ಕಡಿಮೆ. ಉಡುಪುಗಳ ಹೆಸರನ್ನೂ ಮೊದಲ ವ್ಯಾಕರಣವನ್ನೂ ಒಟ್ಟಿಗೆ ಕಲಿಸುವ ಪಾಠವೊಂದನ್ನೇ ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿದ್ದೇನೆ.

ಇಂಥ ಪಾಠದ ಕ್ರಮ ನಮಗೆಲ್ಲ ಪರಿಚಿತವಾದುದು. ಶರ್ಟ್, ಸಾಕ್ಸ್, ಸಾರಿ ಎಂದು ಚಿತ್ರಗಳೊಡನೆ ಹೆಸರುಗಳು. ಬಳಿಕ ‘ಶಿ ಈಸ್ ವೇರಿಂಗ್ ಎ ರೆಡ್ ಸಾರಿ’ ಎಂಬ ಮಾದರಿಯ ವಾಕ್ಯ. ಹೆಸರುಗಳಿಂದ ಹೆಚ್ಚಿನ ತೊಡಕಿಲ್ಲ. ಅವುಗಳಲ್ಲಿ ಹಲವು ಆಗಲೇ ಮನೆಮಾತಿನೊಳಗಿವೆ. ಬಣ್ಣದ ಮಾತು ನಾಮಪದಕ್ಕೆ ಮುಂಚೆ ಬರುವುದೂ ಎರಡು ಭಾಷೆಗಳಿಗೆ ಸಮಾನ. ತೊಡಕಿರುವುದು ಕ್ರಿಯಾಪದದಲ್ಲಿ.

ಕನ್ನಡದಲ್ಲಿ ಸೀರೆಯನ್ನು ಉಡುತ್ತಾರೆ, ಅಂಗಿಯನ್ನು ತೊಡುತ್ತಾರೆ, ಶಾಲನ್ನು ಹೊದೆಯುತ್ತಾರೆ, ರುಮಾಲನ್ನು ಸುತ್ತುತ್ತಾರೆ, ಚಪ್ಪಲಿಯನ್ನು ಮೆಟ್ಟುತ್ತಾರೆ, ಹೂವನ್ನು ಮುಡಿಯುತ್ತಾರೆ. ‘ಉಡುಗೆತೊಡುಗೆ’ ಎಂಬ ಜೋಡುನುಡಿಯಲ್ಲಿಯೇ ಹೊಲಿಯದ ಬಟ್ಟೆಗೂ ಹೊಲಿದ ಬಟ್ಟೆಗೂ ಇರುವ ಭೇದ ಉಳಿದಿದೆ. (ನಗರದ ಮಕ್ಕಳ ಬಾಯಲ್ಲಿ ಇವೆಲ್ಲ ‘ಹಾಕಿಕೊಳ್ಳು’ ಎಂಬ ಒಂದೇ ಮಾತಿಗೆ ಇಳಿಯುತ್ತಿವೆ ಎಂಬುದು ನಿಜ, ಆದರೂ ಸೀರೆ ‘ಹಾಕಿಕೊಂಡಳು’ ಎಂದರೆ ಅಜ್ಜಿಯರು ನಗುತ್ತಾರೆ.) ಇಷ್ಟೆಲ್ಲವನ್ನೂ ಇಂಗ್ಲಿಷಿನ ‘ವೇರ್’ ಒಂದೇ ಹೊರುತ್ತದೆ. ಮಗುವಿನ ಹೊರೆ ಇಲ್ಲಿ ಕಡಿಮೆಯಾಗುತ್ತದೆ; ಅದನ್ನು ಹೇಳುವವರಿಲ್ಲ, ಅಷ್ಟೆ.

ಇದಕ್ಕಿಂತ ಗಹನವಾದುದು ಕಾಲದ ಪ್ರಶ್ನೆ. ‘ಈಸ್ ವೇರಿಂಗ್’ ಎಂಬುದನ್ನು ಈಗ ನಡೆಯುತ್ತಿರುವ ಕ್ರಿಯೆ ಎಂದು ವಿವರಿಸುವ ಉಪಾಧ್ಯಾಯರು ಅದಕ್ಕೆ ‘ಉಡುತ್ತಿದ್ದಾಳೆ’ ಎಂಬ ಅರ್ಥವನ್ನು ಕೊಟ್ಟುಬಿಡುತ್ತಾರೆ. ‘ಉಡುತ್ತಿದ್ದಾಳೆ’ ಎಂದರೆ ಸೀರೆಯ ನೆರಿಗೆ ಇನ್ನೂ ಕೈಯಲ್ಲಿದೆ ಎಂದರ್ಥ. ಚಿತ್ರದ ಹೆಂಗಸಾದರೋ ಸೀರೆ ‘ಉಟ್ಟಿದ್ದಾಳೆ’. ಕನ್ನಡವು ಮುಗಿದ ಕ್ರಿಯೆಯ ಮೂಲಕ ಈಗಿನ ಸ್ಥಿತಿಯನ್ನು ಹೇಳುತ್ತದೆ. ಇಂಗ್ಲಿಷು ಉಡುವ ಕ್ರಿಯೆಗೆ ‘ಪುಟ್ಟಿಂಗ್ ಆನ್’ ಎಂಬ ಬೇರೆ ಮಾತನ್ನು ಇರಿಸಿಕೊಂಡು ಸ್ಥಿತಿಗೆ ‘ವೇರಿಂಗ್’ ಬಳಸುತ್ತದೆ. ತನ್ನ ನುಡಿಗೆ ನಿಷ್ಠವಾಗಿ ‘ಹ್ಯಾಸ್ ವೋರ್ನ್’ ಎಂದು ಬರೆದ ಮಗುವಿನ ಉತ್ತರದ ಮೇಲೆ ಕೆಂಪು ಗೀಟು ಬೀಳುತ್ತದೆ. ಆ ಮಗು ವ್ಯಾಕರಣಬದ್ಧವಾಗಿ ಯೋಚಿಸಿಯೇ ಅಲ್ಲಿಗೆ ತಲುಪಿದೆ ಎಂಬುದು ಗೀಟೆಳೆದವರಿಗೆ ತಿಳಿಯುವುದಿಲ್ಲ. ತಾನು ದಡ್ಡನೆಂದು ಮಗು ಮಾತ್ರ ತಿಳಿದುಕೊಳ್ಳುತ್ತದೆ.

ವಚನದ ಸಂಗತಿಯೂ ಹೀಗೆಯೇ. ‘ಸಾಕ್ಸ್’ ಎಂಬ ಬಹುವಚನವನ್ನು ‘ಸಾಕ್ಸು’ ಎಂದು ಪಡೆದು ಅದಕ್ಕೆ ಮತ್ತೆ ‘ಗಳು’ ಸೇರಿಸಿಕೊಂಡವರು ನಾವು. ‘ಎ ಪೇರ್ ಆಫ್ ಟ್ರೌಸರ್ಸ್’ ಎಂಬುದನ್ನು ‘ಒಂದು ಜೊತೆ ಪ್ಯಾಂಟು’ ಎಂದರೆ ಮಗು ಎರಡು ಪ್ಯಾಂಟುಗಳನ್ನು ಎಣಿಸುತ್ತದೆ. ‘ಒಂದು ಜೊತೆ ಬಟ್ಟೆ’ ಎಂದರಂತೂ ಅಂಗಿಯೂ ಚಡ್ಡಿಯೂ ಸೇರಿದುದು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಕ್ಕಳ ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವೆಂದು ಪರಿಗಣಿಸಿತ್ತು. ಆ ಮಾತು ಈ ಪಾಠದವರೆಗೆ ಇಳಿದುಬಂದಂತಿಲ್ಲ. ಉಪಾಧ್ಯಾಯರು ಒಂದು ಶಾಲನ್ನು ತಂದು, ಹೊದ್ದುಕೊಳ್ಳುತ್ತಿರುವಾಗ ಒಮ್ಮೆ, ಹೊದ್ದುಕೊಂಡ ಮೇಲೆ ಒಮ್ಮೆ, ತಾವೇನು ಮಾಡುತ್ತಿದ್ದೇವೆಂದು ಕನ್ನಡದಲ್ಲಿ ಕೇಳಲಿ. ಬಳಿಕ ಎರಡಕ್ಕೂ ಬೇರೆಬೇರೆ ಇಂಗ್ಲಿಷ್ ವಾಕ್ಯಗಳನ್ನು ಕೊಡಲಿ. ಪುಸ್ತಕದಲ್ಲಿಯೂ ಇದಕ್ಕೆ ಒಂದು ಚಿತ್ರ ಸಾಲದು, ಎರಡು ಬೇಕು.